ಯಾರು ಈ ರೋಷನಕ್?

ಗಾಜಿನ ಹೂದಾನಿ ನೇರವಾಗಿ ಅವಳ ಮುಖಕ್ಕೇ ಹಾರಿ ಬಂತು!

ಸರದಿ ತಪ್ಪಿತೆಂದು ರೊಚ್ಚಿಗೆದ್ದ ರೋಗಿಯೊಬ್ಬ ಎಸೆದಿದ್ದ. ದೋಹಾದ ಅಲ್ ಹಿಲಾಲ್ ಬಡಾವಣೆಯ ಆ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ರೊಕ್ಸಾನಾ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ತೆರೆದಾಗ, ಅಡ್ಡ ಬಂದು ನಿಂತಿದ್ದ ಅಪರಿಚಿತನ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು.

“ಅಯ್ಯೋ, ಎಂತ ಮಾಡಿಕೊಂಡ್ರಿ ಮಾರ್ರೆ!”

“ಕನ್ನಡದವ್ರಾ? ಹಾಗಾದ್ರೆ ಪೆಟ್ಟು ತಿಂದಿದ್ದೂ ಸಾರ್ಥಕ ಬಿಡಿ,” ಎಂದು ನಕ್ಕ ಮೈಸೂರಿನ ವಿನಯ್.

2006ರ ಆ ಬೇಸಿಗೆಯಿಡೀ ಅವನು ಬ್ಯಾಂಡೇಜಿನ ನೆಪದಲ್ಲಿ ಬಂದ. ಗಾಯ ಮಾಯ್ದ ಮೇಲೂ ಬಂದ...

ಸುದ್ದಿ ಅವಳ ಅಣ್ಣ ಕ್ಲಿಫರ್ಡ್‌ಗೆ ಮುಟ್ಟಿತು. ಕ್ರೈಸ್ತನಲ್ಲದ, ಇಗರ್ಜಿಯ ಮೆಟ್ಟಿಲೇ ಹತ್ತದವನ ಜೊತೆ ತನ್ನ ತಂಗಿಯೇ? ಪಾರ್ಕಿಂಗ್‌ನಲ್ಲಿ ವಿನಯ್‌ನನ್ನು ಕೆಡವಿ, ದವಡೆ ಮುರಿಯುವವರೆಗೂ ಬೂಟುಗಾಲಲ್ಲಿ ಒದ್ದ. ಅವನ ಮೊಬೈಲ್ ಕಿತ್ತು ತಂದು ತಂಗಿಯೆದುರು ಎಸೆದ.

“ಓದು! ಕಳಿಸದೆ ಇಟ್ಟ ಮೆಸೇಜು. ‘ರೋಷನಕ್, ನಿನ್ನ ಬಿಟ್ಟು ಬದುಕಲಾರೆ.’ ಇರಾನಿ ಹುಡುಗಿ ಇದ್ದಾಳೆ ಅವನಿಗೆ. ನಿನ್ನ ಜೊತೆ ಬರೀ ಆಟ. ಖಲಾಸ್!”

ಅವಳು ಆಸ್ಪತ್ರೆಗೆ ಓಡಿದಳು. ದವಡೆಗೆ ತಂತಿ ಬಿಗಿಸಿಕೊಂಡು ಮಲಗಿದ್ದ ವಿನಯ್ ಕೈ ಚಾಚಿದ.

“ಯಾರವಳು ರೋಷನಕ್?”

ಅವನ ಗಂಟಲಿಂದ ಬರೀ ಗೊರಗೊರ ಸದ್ದು. ಊದಿದ ಆ ಕೆನ್ನೆಗೇ ಹೊಡೆದು, ಅಳುತ್ತಾ ಹೊರಟುಬಂದಳು.

ಮರುದಿನ ಕ್ಲಿನಿಕ್ಕಿನ ಇರಾನಿ ನರ್ಸ್ ಮಹ್ನಾಜ್‌ಳನ್ನು ಕೇಳಿಯೇಬಿಟ್ಟಳು, “ರೋಷನಕ್ ಅಂದರೆ ಯಾರು? ವಿನಯ್‌ಗೆ ಹೇಗೆ ಪರಿಚಯ?”

ಮಹ್ನಾಜ್ ಬೆರಗಾದಳು. “ನೀನೇ! ಎರಡು ಸಾವಿರ ವರ್ಷಕ್ಕೂ ಹಳೆಯ ನಮ್ಮ ಹೆಸರು ಅದು. ಬೆಳಗುವವಳು ಅಂತ. ಗ್ರೀಕರ ಬಾಯಲ್ಲಿ ರೊಕ್ಸಾನಾ ಆಯಿತು. ಶಿರಾಜ್‌ನಲ್ಲಿರುವ ನನ್ನ ಅಕ್ಕನ ಮಗಳೂ ರೋಷನಕ್. ನಿನ್ನ ಹೆಸರಿನ ಮೂಲ ಯಾವುದು ಅಂತ ವಿನಯ್ ಕೇಳಿದ, ನಾನೇ ಹೇಳಿಕೊಟ್ಟೆ.”

ದೇವರೇ... ಆ ಮುರಿದ ದವಡೆಗೆ ಹೊಡೆದೆನಲ್ಲಾ!

ವಿನಯ್‌ನ ಮೊಬೈಲ್ ತರಲು ಮನೆಗೆ ಹೋದರೆ ಕ್ಲಿಫರ್ಡ್ ಬಾಗಿಲಲ್ಲೇ ಅವಳ ಕೈ ತಿರುಚಿ, ಕಪಾಳಕ್ಕೆ ಬಾರಿಸಿದ. ತುಟಿ ಒಡೆಯಿತು.

“ಇನ್ನೂ ಹೊಡಿ ಅಣ್ಣ! ಎಲ್ಲಾ ಪೊಲೀಸರಿಗೆ ಹೇಳ್ತೇನೆ.”

ಅವನ ಹಿಡಿತ ಸಡಿಲವಾಯಿತು. ಅವಳು ಠಾಣೆಗೆ ಹೋಗಿ, ಅಲ್ಲಿಂದ ಆಸ್ಪತ್ರೆಗೆ ಬಂದಳು.

ವಿನಯ್ ಅವಳ ತುಟಿ ನೋಡಿ ಚೀಟಿಯಲ್ಲಿ ಗೀಚಿದ: “ಯಾರು ಹೊಡೆದದ್ದು?”

“ಅಣ್ಣ. ಕಂಪ್ಲೇಂಟ್ ಕೊಟ್ಟು ಬಂದೆ, ನಿಮ್ಮದೂ ನನ್ನದೂ. ಇನ್ನು ಆ ಮನೆಗೆ ಹೋಗುದಿಲ್ಲ... ನಾನು ಹೊಡೆದದ್ದನ್ನು ಕ್ಷಮಿಸ್ತೀರಾ? ನನ್ನನ್ನು ಮದುವೆ ಆಗ್ತೀರಾ?”

ಅವನ ಕಣ್ಣು ತುಂಬಿತು. ಮತ್ತೆ ಗೀಚಿದ: “ಬಾಯಿ ಬಿಡೋಕೆ ಆರು ವಾರ ಬೇಕಂತೆ. ಬಾಯಲ್ಲೇ ಹೇಳ್ಬೇಕು ಅಂತ ಆಸೆ.”

“ಅಷ್ಟು ದಿವಸ ಕಾಯ್ಲಿಕ್ಕೆ ಆಗುದಿಲ್ಲ ನನಗೆ. ತಲೆ ಆಡಿಸಿ, ಸಾಕು.”

ನೋವಿಗೆ ಹುಬ್ಬು ಗಂಟಿಕ್ಕಿದರೂ, ಅವನು ನಿಧಾನವಾಗಿ ತಲೆಯಾಡಿಸಿದ.