ಲುಂಬಿನಿಯ ಬ್ಯಾಟರಿ ಗಾಡಿಗೊಂದು ಗಟ್ಟಿ ಸ್ಟ್ಯಾಂಡು

"ಗಾಡಿ ಬಿಡ್ರಿ! ಡಬ್ಬಿ ಹಿಡೀರಿ!"

ಅಜಯಕುಮಾರನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಭಂಕೂರ ಕ್ರಾಸಿನ ತನ್ನ ವೆಲ್ಡಿಂಗ್ ಅಂಗಡಿಯ ಎದುರು ಯಾರೋ ನಿಲ್ಲಿಸಿ ಹೋದ ಸ್ಕೂಟರ್ ನಿಧಾನವಾಗಿ ಎಡಕ್ಕೆ ವಾಲುವುದನ್ನು ಕಂಡು, ಓಡಿ ಬಂದು ಎರಡೂ ಕೈಕೊಟ್ಟು ತಡೆದಿದ್ದ. ಈಗ ರಸ್ತೆಯ ಆಚೆಯಿಂದ ಒಬ್ಬ ಹುಡುಗಿ ಹೀಗೆ ಕೂಗುತ್ತಾ ಓಡಿ ಬರುತ್ತಿದ್ದಾಳೆ. ಬೀಳುವ ಗಾಡಿಯನ್ನು ಬಿಡು ಅಂತ ಯಾರಾದರೂ ಹೇಳುತ್ತಾರೆಯೇ?

ಆದರೆ ಆ ದನಿಯ ಮುಂದೆ ಅವನ ಬುದ್ಧಿ ನಡೆಯಲಿಲ್ಲ. ಗಾಡಿ ಬಿಟ್ಟ. ಸೀಟಿನ ಮೇಲಿದ್ದ ನೀಲಿ ಡಬ್ಬಿಯನ್ನು ಎತ್ತಿ ಎದೆಗೆ ಅವಚಿಕೊಂಡ.

ಗಾಡಿ ದಡಾರನೆ ಅವನ ಕಾಲಿನ ಮೇಲೆಯೇ ಬಿತ್ತು.

ಹುಡುಗಿ ಬಂದವಳೇ ಡಬ್ಬಿ ಕಸಿದುಕೊಂಡು ಮುಚ್ಚಳ ತೆಗೆದಳು. ಒಳಗೆ ಮಂಜುಗಡ್ಡೆಯ ಮೇಲೆ ಸಾಲಾಗಿ ನಿಂತಿದ್ದ ರಕ್ತದ ಸಣ್ಣ ಸಣ್ಣ ಗಾಜಿನ ನಳಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಒಂದೂ ಒಡದಿಲ್ಲ..." ಎಂದು ಉಸಿರು ಬಿಟ್ಟಳು. ಆಮೇಲೆ ಅವನತ್ತ ನೋಡಿದಳು. "ನಿಮ್ಮ ಕಾಲು?"

"ಅದೂ ಒಡದಿಲ್ರಿ," ಎಂದ ಅವನು, ಹಲ್ಲು ಕಚ್ಚಿಕೊಂಡು.

ಅವಳಿಗೆ ನಗು ಬಂತು. ಕಣ್ಣಲ್ಲಿ ನೀರು ತುಂಬಿದ್ದಾಗಲೇ ನಗು ಬಂತು. ಆ ಮುಖವನ್ನು ನೋಡಿದ ಮೇಲೆ ಅಜಯಕುಮಾರನ ಕಾಲು ನೋಯಲಿಲ್ಲ ಎಂದರೆ ನೀವು ನಂಬಬೇಡಿ. ನೋಯಿತು. ಆದರೆ ಅವನಿಗೆ ಅದರ ಪರಿವೆ ಇರಲಿಲ್ಲ.

ಅವಳ ಹೆಸರು ಲುಂಬಿನಿ. ಶಹಾಬಾದಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಆ ಸುತ್ತಿನಲ್ಲಿ ಮನೆಮನೆಗೆ ಹೋಗಿ ರಕ್ತ ತರುವ ಪದ್ಧತಿಯನ್ನು ಹಟ ಹಿಡಿದು ಶುರು ಮಾಡಿದವಳೇ ಅವಳು. ನಡೆಯಲಾಗದ ಮುದುಕರು, ಹಸಿ ಬಾಣಂತಿಯರು ಅವಳ ದಾರಿ ಕಾಯುತ್ತಿದ್ದರು. ಅದಕ್ಕಾಗಿಯೇ ಹೋದ ವರ್ಷ, 2008ರ ಯುಗಾದಿಗೆ, ಈ ಬ್ಯಾಟರಿ ಗಾಡಿ ಕೊಂಡಿದ್ದಳು. ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ, ಸದ್ದೂ ಇಲ್ಲ. ಆದರೆ ಸೀಟಿನ ಕೆಳಗೆ ತುಂಬಿದ್ದ ಬ್ಯಾಟರಿಗಳಿಂದಾಗಿ ಗಾಡಿ ಗಬ್ಬದ ಎಮ್ಮೆಯಷ್ಟು ಭಾರ! ನಡುವಿನ ಸ್ಟ್ಯಾಂಡ್ ಹಾಕಲು ಅವಳ ಮೈಭಾರ ಸಾಲುತ್ತಿರಲಿಲ್ಲ. ಪಕ್ಕದ ಸ್ಟ್ಯಾಂಡೋ, ಒಂದು ತೆಳು ಕಡ್ಡಿ.

ಕಳೆದ ತಿಂಗಳು ಒಮ್ಮೆ ಬಿದ್ದು ಎಲ್ಲರ ರಕ್ತವೂ ಚೆಲ್ಲಿತ್ತು. ಎಲ್ಲರಿಗೂ ಮತ್ತೆ ಸೂಜಿ ಚುಚ್ಚಬೇಕಾಯಿತು. ಲ್ಯಾಬಿನ ವಾಸುದೇವ ಡಾಕ್ಟರು ಅಂದೇ ಖಡಕ್ಕಾಗಿ ಹೇಳಿದ್ದರು. "ನೋಡವಾ, ಇನ್ನೊಂದ್ಸಲ ಗಾಡಿ ಬಿತ್ತಂದ್ರ ಮನಿಮನಿ ತಿರುಗೋದು ಬಂದ್. ಸುಮ್ನ ಒಳಗ ಕುಂತು ಚೀಟಿ ಬರಿ."

'ಚೀಟಿ ಬರೆಯುತ್ತಾ ಕೂತರೆ ನಾನು ಯಾರು?' ಎಂಬುದೇ ಅವಳ ಸಂಕಟ.

"ಮಿಸ್ತ್ರಿ, ಇದಕ್ಕ ಗಟ್ಟಿ ಸ್ಟ್ಯಾಂಡ್ ಹಚ್ಚಿ ಕೊಡ್ತೀರೇನು?" ಕೇಳಿದಳು. "ನಾ ಮ್ಯಾಲ ಕುಂತ್ರೂ ಅಲ್ಲಾಡಬಾರ್ದು."

ಅವನು ಗುಜರಿಯಿಂದ ತಂದ ಹಳೆಯ ಸ್ಟ್ಯಾಂಡುಗಳ ಚೀಲವನ್ನು ಅವಳ ಮುಂದೆ ಸುರುವಿದ. ಮೊಪೆಡ್ಡಿನದೊಂದನ್ನು ಅವಳು ಕೈಯಲ್ಲಿ ಹಿಡಿದು ನೋಡಿ ಬದಿಗಿಟ್ಟಳು.

"ಇದು ನನಕಿಂತ ಸಣಕಲದ."

ಇನ್ನೊಂದು ಭಾರಿ ಮೋಟರ್ ಸೈಕಲ್ಲಿನದು. ಹೆಬ್ಬೆರಳಿಗಿಂತ ದಪ್ಪ. ಅದನ್ನು ನೆಲಕ್ಕೆ ಊರಿ ಅವಳು ಮೈಭಾರವೆಲ್ಲ ಹಾಕಿದಳು. ಬಾಗಲಿಲ್ಲ.

"ಇದೇ ಇರ್ಲಿ."

"ಇದು ಉದ್ದ ಆಗ್ತದ್ರಿ. ಕತ್ತರಿಸಬೇಕು."

ಬ್ಯಾಟರಿಯ ವೈರುಗಳನ್ನು ಬಿಚ್ಚಿಟ್ಟು, ಗಾಡಿಯ ಅಡಿ ಚೌಕಟ್ಟಿಗೆ ದಪ್ಪ ಪಟ್ಟಿಯೊಂದನ್ನು ವೆಲ್ಡ್ ಮಾಡಿದ. ಅವಳನ್ನು ಸೀಟಿನ ಮೇಲೆ ಕೂರಿಸಿ, ಗಾಡಿ ಎಷ್ಟು ವಾಲಬೇಕೆಂದು ಅಳತೆ ತೆಗೆದ.

"ಜರಾ ಎಡಕ್ಕ ವಾಲಿರ್ಬೇಕ್ರಿ. ನೆಟ್ಟಗ ನಿಂತ್ರ ಆ ಕಡಿ ಬೀಳ್ತದ."

"ನೀವು ಈ ಊರವರಲ್ಲ, ಅಲ್ಲ?"

"ಚಿಂಚೋಳಿ ಕಡಿಯಾಂವ. ಮಾವನ ಅಂಗಡಿ ನೋಡ್ಕೊಳಾಕ ಬಂದು ಎರಡು ತಿಂಗಳಾತು."

"ಊರು ಹಿಡಿಸ್ತೇನು?"

ಅವನು ಸ್ಪ್ರಿಂಗ್ ಎಳೆದು ಕೊಕ್ಕೆಗೆ ಸಿಕ್ಕಿಸುತ್ತಿದ್ದ. ತಲೆಯೆತ್ತದೆ ಹೇಳಿದ, "ಇವತ್ತಿಂದ ಹಿಡಸ್ಲಿಕತ್ತದ."

ಲುಂಬಿನಿಯ ಕಿವಿ ಬಿಸಿಯಾಯಿತು. ಏಪ್ರಿಲ್ ಬಿಸಿಲಿಗೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಬೆಳಿಗ್ಗೆ ಊರೆಲ್ಲ ಸುತ್ತಿ, ಕೊನೆಗೆ ಭಂಕೂರದ ಬೀಬಿಜಾನ್ ಅವರ ಮನೆಗೆ ಬಂದಳು. ಸಕ್ಕರೆ ಕಾಯಿಲೆಯ ಮುದುಕಿ, ಮಾತಿನ ಮಲ್ಲಿ. ಲುಂಬಿನಿ ಗಾಡಿ ನಿಲ್ಲಿಸಿದಳು. ಮುಂದಿನ ಕೊಕ್ಕೆಗೆ ತೂಗುಹಾಕಿದ್ದ ಚೀಲದಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅಂಗೈಯಗಲದ ತುಂಡು ತೆಗೆದು ಸ್ಟ್ಯಾಂಡಿನ ಕೆಳಗಿಟ್ಟಳು.

ಶಹಾಬಾದ್ ಸೀಮೆಯಲ್ಲಿ ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಬೇಸಿಗೆಗೆ ಡಾಂಬರು ಮೆತ್ತಗಾಗಿ ಸ್ಟ್ಯಾಂಡ್ ಹೂತುಹೋಗುತ್ತದೆ. ಫರ್ಸಿಯ ಚೂರು ಹೆಜ್ಜೆಗೊಂದು ಬಿದ್ದಿರುವ ಊರು. ಗಾಡಿ ಇದ್ದವರೆಲ್ಲ ಒಂದು ತುಂಡು ಜೊತೆಗಿಟ್ಟುಕೊಳ್ಳುತ್ತಾರೆ. ನಿಮಗೆ ಮುಂದಿನದು ಈಗಲೇ ಹೊಳೆದಿದ್ದರೆ ದಯವಿಟ್ಟು ಸುಮ್ಮನಿರಿ. ಅವಳಿಗೆ ಹೊಳೆಯಲಿಲ್ಲ.

ಅವಳು ಹೊಸ್ತಿಲು ದಾಟಿದ್ದಳಷ್ಟೇ. ಹಿಂದೆ ದಡಾರ್ ಎಂದಿತು. ಡಬ್ಬಿ ಉರುಳಿ, ಗಾಜು ಒಡೆದು, ಓಣಿಯ ತುಂಬ ರಕ್ತ.

"ಯಾ ಅಲ್ಲಾ..." ಎಂದು ಬೀಬಿಜಾನ್ ಬಾಗಿಲಿಗೆ ಬಂದರು. ಲುಂಬಿನಿ ಓಣಿಯಲ್ಲಿಯೇ ಕುಸಿದು ಕೂತಳು.

ಗಾಡಿಯನ್ನು ಅಲ್ಲಿಯೇ ಬಿಟ್ಟು ನೇರ ಅಜಯಕುಮಾರನ ಅಂಗಡಿಗೆ ಹೋದಳು. ಅಲ್ಲಿ ಚಂದ್ರಾಮ ಎಂಬ ಹಿರಿಯರು ಮನೆಯ ಗೇಟು ಮಾಡಿಸಲು ಕೂತಿದ್ದರು. ಅವರ ಎದುರಿಗೇ ಅವಳ ಬಾಯಿ ಹರಿಯಿತು.

"ಕೆಲಸ ಬರಂಗಿಲ್ಲಂದ್ರ ಬರಂಗಿಲ್ಲ ಅನಬೇಕಿತ್ರಿ! ನಿಮ್ಮ ಮಾತು ನಂಬಿ ನಾ ಕೆಟ್ಟೆ."

"ಏನಾತ್ರಿ? ಗಾಡಿ ತರ್ರಿ, ನೋಡ್ತೀನಿ..."

"ಮತ್ತ ಅದಕ್ಕ ಕೈ ಹಚ್ಚಬ್ಯಾಡ್ರಿ."

ಅವನು ಸಪ್ಪೆ ಮುಖ ಮಾಡಿ ಕೈಯಲ್ಲಿದ್ದ ರಾಡನ್ನು ಕೆಳಗಿಟ್ಟ. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು. ಚಂದ್ರಾಮರು ಮೆಲ್ಲಗೆ ಎದ್ದು, "ಗೇಟಿಂದು ಆಮ್ಯಾಲ ನೋಡಮು," ಎಂದು ಹೊರಟುಹೋದರು.

ಡಾಕ್ಟರು ಮಾತಿನಂತೆಯೇ ನಡೆದರು. ಲುಂಬಿನಿ ಕೌಂಟರಿನಲ್ಲಿ ಕೂತು ಚೀಟಿ ಬರೆಯತೊಡಗಿದಳು. ಹೊರಗೆ ಬಿಸಿಲಲ್ಲಿ ಅವಳ ಗಾಡಿ ಗೋಡೆಗೆ ಒರಗಿ ನಿಂತಿತ್ತು. ನಡೆಯಬಲ್ಲವರು ಬರುತ್ತಿದ್ದರು. ನಡೆಯಲಾಗದವರ ಗತಿ ಏನಾಯಿತೋ... ನಡುನಡುವೆ ಅಜಯಕುಮಾರನ ಆ ಸಪ್ಪೆ ಮುಖವೂ ನೆನಪಾಗುತ್ತಿತ್ತು. 'ಗಿರಾಕಿಯ ಎದುರು ಅನ್ನಬಾರದಿತ್ತು. ಆದರೆ ತಪ್ಪು ಅವರದೇ ತಾನೆ?'

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನೇ ಬಂದು ಕೌಂಟರಿನ ಮುಂದೆ ನಿಂತ.

ಅವಳು ಪೆನ್ನು ಎತ್ತಿಕೊಂಡಳು. "ಹೆಸರು?"

"ನಿಮಗ ಗೊತ್ತದಲ್ರಿ."

"ಹೆಸರು ಹೇಳ್ರಿ."

"ಅಜಯಕುಮಾರ."

"ಏನು ತ್ರಾಸ?"

"ನಿದ್ದಿ ಬರವಲ್ದು. ಊಟ ಸೇರವಲ್ದು."

"ಯಾವ ಡಾಕ್ಟರು ಬರದುಕೊಟ್ಟಾರ?"

"ಯಾರೂ ಇಲ್ಲ. ನಾನೇ ಬಂದೀನಿ."

ಅವಳು ತುಟಿ ಬಿಗಿದುಕೊಂಡು ಅವನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಹತ್ತಿಯಿಂದ ಒರೆಸಿದಳು. ಅವಳ ಬೆರಳು ತಣ್ಣಗಿತ್ತು, ಅವನ ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಒಂದು ಕೇಳ್ಲೇನು?" ಎಂದ ಮೆತ್ತಗೆ. "ಗಾಡಿ ಯಾವ ಕಡಿ ಬಿತ್ತು?"

"ಯಾವ ಕಡಿ ಬಿದ್ರೇನ್ರಿ? ಬಲಕ್ಕ..."

ಸೂಜಿ ಹಿಡಿದ ಕೈ ಅಲ್ಲಿಯೇ ನಿಂತಿತು.

ಬಲಕ್ಕೆ! ಈ ಗಾಡಿ ಯಾವತ್ತೂ ಬಿದ್ದಿದ್ದು ಎಡಕ್ಕೆ, ಸ್ಟ್ಯಾಂಡು ಬಾಗಿದ ಕಡೆಗೆ. ಬಲಕ್ಕೆ ಬೀಳಬೇಕೆಂದರೆ ಗಾಡಿ ನೆಟ್ಟಗೆ ನಿಂತಿರಬೇಕು. ನೆಟ್ಟಗೆ ನಿಲ್ಲಬೇಕೆಂದರೆ ಸ್ಟ್ಯಾಂಡು ಎತ್ತರವಾಗಿರಬೇಕು. ಎತ್ತರ ಮಾಡಿದ್ದು...

ಅವಳು ಸೂಜಿಯನ್ನು ಕೆಳಗಿಟ್ಟಳು.

"ನಾ ಕೆಳಗ ಫರ್ಸಿ ಇಟ್ಟಿದ್ದೆ."

"ಫರ್ಸಿ ಯಾಕ ಇಟ್ರಿ?" ಅವನು ನಿಜಕ್ಕೂ ಅರ್ಥವಾಗದೆ ಕೇಳಿದ.

"ಇಲ್ಲಿ ಎಲ್ಲಾರೂ ಇಡ್ತಾರ್ರಿ..."

"ನಮ್ಮ ಚಿಂಚೋಳಿ ಕಡಿ ಇಡಂಗಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಎಲ್ಲಿ, ಹ್ಯಾಂಗ ನಿಂದ್ರಸ್ತೀರಿ ಅಂತ ನಾ ಕೇಳ್ಬೇಕಿತ್ತು," ಎಂದ ಅವನು.

"ನಾ ಗಿರಾಕಿ ಮುಂದ ನಿಮಗ ಅನಬಾರ್ದಿತ್ತು," ಎಂದಳು ಅವಳು. ಈ ಸಲ ಕಣ್ಣೀರು ತಡೆಯಲಿಲ್ಲ. "ನಡೀರಿ ನನ್ನ ಸಂಗಟ."

"ರಕ್ತ?"

"ನಿಮಗ ಏನೂ ಆಗಿಲ್ಲ, ಏಳ್ರಿ!"

ಅವಳು ಮೊದಲು ಹೋಗಿದ್ದು ಚಂದ್ರಾಮರ ಮನೆಗೆ. ಹತ್ತು ಮಂದಿ ಕೂತ ಕಟ್ಟೆಯ ಮುಂದೆ ನಿಂತು ಹೇಳಿದಳು. "ಕಾಕಾ, ತಪ್ಪು ನಂದು. ಇವರ ಕೆಲಸ ಚೊಕ್ಕ ಅದ. ನಿಮ್ಮ ಗೇಟು ಇವರ ಕೈಲೇ ಮಾಡಿಸ್ರಿ." ಚಂದ್ರಾಮರು ಇಬ್ಬರನ್ನೂ ದಿಟ್ಟಿಸಿ, ಮೀಸೆಯಲ್ಲಿಯೇ ನಕ್ಕರು. ಅಜಯಕುಮಾರ ಮಾತ್ರ ಅವಳನ್ನೇ ನೋಡುತ್ತಾ ನಿಂತಿದ್ದ. ಸಿಟ್ಟಿನಲ್ಲಿ ಅಂದದ್ದನ್ನು ಹಿಂದಕ್ಕೆ ತಗೊಳ್ಳಲು ಊರ ಮುಂದೆ ಹೀಗೆ ತಲೆಯೆತ್ತಿ ನಿಲ್ಲುವವರನ್ನು ಅವನು ಎಲ್ಲಿಯೂ ಕಂಡಿರಲಿಲ್ಲ.

ಗಾಡಿ ತಗೊಂಡು ಅಂಗಡಿಗೆ ಬಂದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ.

"ಫರ್ಸಿ ಇಟ್ರ ಬೀಳ್ತದ. ಇಡ್ಲಿಲ್ಲಂದ್ರ ಡಾಂಬರದಾಗ ಹುಗೀತದ. ಮಿಸ್ತ್ರಿ, ಸ್ಟ್ಯಾಂಡಿಗೇ ಒಂದು ಅಗಲ ಪಾದ ಹಚ್ಚಿದ್ರ?"

"ಪಾದ?"

"ಕಬ್ಬಿಣದ ತಗಡು. ಚಹಾ ಕಪ್ಪಿನ ಕೆಳಗಿಡೋ ಬಸಿಯಷ್ಟು ಅಗಲ. ಅದರ ದಪ್ಪದಷ್ಟು ಸ್ಟ್ಯಾಂಡ್ ಕಡಿಮಿ ಮಾಡ್ರಿ."

ಅವನು ಆಗಲೇ ವೆಲ್ಡಿಂಗ್ ರಾಡು ಎತ್ತಿಕೊಂಡ. ಕಿಡಿ ಹಾರುವಾಗ ಅವಳು ಮುಖ ತಿರುಗಿಸಿ ನಿಂತಳು. ಆದರೂ ಅವಳ ತುಟಿಯ ಮೇಲಿನ ನಗುವನ್ನು ಅವನು ನೋಡಿಯೇ ನೋಡಿದ.

ಮರುದಿನ ಮಟಮಟ ಮಧ್ಯಾಹ್ನ, ಡಾಂಬರು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿದ್ದ ಹೊತ್ತಿಗೇ ಬೇಕೆಂದು, ಲ್ಯಾಬಿನ ಎದುರು ಗಾಡಿ ತಂದು ನಿಲ್ಲಿಸಿದಳು. ನೀರು ತುಂಬಿದ ನಳಿಗೆಗಳ ಡಬ್ಬಿಯನ್ನು ಸೀಟಿನ ಹಿಂದೆ ಬಿಗಿದಳು.

"ಸರ್, ಹೊರಗ ಬರ್ರಿ."

ವಾಸುದೇವ ಡಾಕ್ಟರು ಬಂದರು. ಗಾಡಿಯನ್ನು ಒಂದು ಕೈಯಲ್ಲಿ ನೂಕಿದರು, ಆಮೇಲೆ ಎರಡೂ ಕೈಯಲ್ಲಿ. ಅಲ್ಲಾಡಲಿಲ್ಲ. ಅಷ್ಟರಲ್ಲಿ ಆಟೋವೊಂದು ನಿಂತು, ಬೀಬಿಜಾನ್ ಏದುಸಿರು ಬಿಡುತ್ತಾ ಇಳಿದರು.

"ಡಾಕ್ಟರ್ ಸಾಬ್, ಈ ಬೇಟಿ ಮನಿಗಿ ಬರ್ಲಿಲ್ಲಂದ್ರ ನಾ ರಕ್ತ ಕೊಡಂಗೇ ಇಲ್ಲ. ಈ ಬಿಸಲಾಗ ಮುದುಕಿ ಇಲ್ಲಿತನ ಬರ್ಬೇಕೇನು?"

"ಗಾಡಿ ಬೀಳ್ತದಲ್ಲ ಖಾಲಾ," ಎಂದರು ಡಾಕ್ಟರು.

"ಎಲ್ಲಿ ಬೀಳ್ತದ, ನೋಡ್ತೀನಿ," ಎಂದವರೇ ಬೀಬಿಜಾನ್ ಸೆರಗು ಸರಿಮಾಡಿಕೊಂಡು ಆ ಸೀಟಿನ ಮೇಲೆ ಕೂತೇಬಿಟ್ಟರು! ಅವರ ಭಾರ ಶಹಾಬಾದಿಗೇ ಗೊತ್ತು. ಅಜಯಕುಮಾರ ಉಸಿರು ಬಿಗಿಹಿಡಿದ.

ಕಬ್ಬಿಣದ ಪಾದ ಡಾಂಬರಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಡಬ್ಬಿಯೊಳಗಿನ ಒಂದು ನಳಿಗೆಯೂ ಅಲುಗಲಿಲ್ಲ. ಬೀಬಿಜಾನ್ ಅಲ್ಲಿಯೇ ಆರಾಮಾಗಿ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಡಾಕ್ಟರು ಬಾಗಿ ಸ್ಟ್ಯಾಂಡನ್ನು ನೋಡಿದರು. ಲುಂಬಿನಿಯನ್ನು ನೋಡಿದರು. "ಸೋತೆ ನಮ್ಮವ್ವ. ನಾಳಿಂದ ಹೋಗು. ನಮ್ಮ ಲ್ಯಾಬಿನ ಎಲ್ಲಾ ಗಾಡಿಗೂ ಇಂಥದೇ ಹಚ್ಚಿಸು."

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಲುಂಬಿನಿಗೆ ಆ ಬಿಸಿಲಿನಲ್ಲಿ ಕುಣಿಯಬೇಕೆನಿಸಿತು. ಗೆದ್ದೆ, ಗೆದ್ದೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಆ ಸಂತೋಷವನ್ನು ಮೊದಲು ಯಾರಿಗೆ ತೋರಿಸಬೇಕೆಂದು ಅವಳ ಕಣ್ಣಿಗೆ ಗೊತ್ತಿತ್ತು. ಅವನು ಬೇವಿನ ನೆರಳಿನಲ್ಲಿ ನಿಂತಿದ್ದ.

ಮಂದಿ ಚದುರಿದ ಮೇಲೆ ಅವನು ಹತ್ತಿರ ಬಂದ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡ.

"ಈ ಐತವಾರ ನಮ್ಮ ಅವ್ವಗ ಕರ್ಕೊಂಡು ನಿಮ್ಮ ಮನಿಗಿ ಬರ್ಲೇನು? ನಿಮ್ಮ ಅಪ್ಪಾರಿಗಿ ಒಂದು ಮಾತು ಕೇಳೋದದ."

"ಅಪ್ಪಾರಿಗಿ ಆಮ್ಯಾಲ," ಎಂದಳು ಲುಂಬಿನಿ. ಅವಳ ದನಿ ನಡುಗುತ್ತಿತ್ತು, ನೋಟ ನಡುಗಲಿಲ್ಲ. "ಮೊದಲ ನನಗ ಕೇಳ್ರಿ."

ಅವನು ಒಂದು ಹೆಜ್ಜೆ ಮುಂದೆ ಬಂದ.

"ನಿಮ್ಮ ಮ್ಯಾಲ ನನಗ ಭಾಳ ಜೀವದ. ನನ್ನ ಲಗ್ನ ಆಗ್ತೀರೇನು?"

"ಆಗ್ತೀನಿ. ಆದ್ರ ಗಾಡಿ ನಾನೇ ಓಡಸ್ತೀನಿ, ನೀವು ಹಿಂದ ಕುಂದ್ರಬೇಕು."

"ಬ್ಯಾಟರಿ ಗಾಡಿ... ಇಬ್ಬರು ಕುಂತ್ರ ಏರು ಏರಂಗಿಲ್ರಿ."

"ಏರು ಬಂದಾಗ ಇಳದು ನಡ್ಕೋತ ಬರ್ರಿ," ಎಂದು ಅವಳು ನಕ್ಕಳು. "ಅವಸರ ಮಾಡಬ್ಯಾಡ್ರಿ. ಮ್ಯಾಲ ನಿಮ್ಮ ಸಲುವಾಗಿ ನಿಂತಿರ್ತೀನಿ."