ಹೇರು ಹೊತ್ತ ಎತ್ತು

ಬುಧವಾರ ಬೆಳಿಗ್ಗೆ 10.15ಕ್ಕೆ ಮಾನ್ವಿ ಠಾಣೆಗೆ ಬಂದ ದೂರು ಪಿಎಸ್‌ಐ ಸುನಂದಾಗೆ ವಿಚಿತ್ರವಾಗಿ ಕಂಡಿತು. ಅಕ್ಕಿ ಗಿರಣಿ ಮಾಲೀಕ ಮಹಾಂತಯ್ಯನ ದೇವರ ಜಗಲಿಯಲ್ಲಿ ಹಳೆಯ ವರ್ತಕರ ಸಂಘದ, ಉಬ್ಬು ಚಿತ್ರವಿದ್ದ ಮೂರು ತಾಮ್ರದ ಬಿಲ್ಲೆಗಳಿದ್ದವು. ಆನೆಯದು, ಹುಲಿಯದು ಇದ್ದಲ್ಲೇ ಇವೆ. ಪಕ್ಕದ ಬೆಳ್ಳಿ ತಟ್ಟೆಯೂ ಇದೆ. ನಂದಿಯದು ಮಾತ್ರ ಮಾಯ. ಬೆಳ್ಳಿ ಬಿಟ್ಟು ತಾಮ್ರ ಒಯ್ಯುವ ಕಳ್ಳ ಅದೆಂಥ ಪುಣ್ಯಾತ್ಮನೋ.

"ಶುಕ್ರವಾರ ರಾಯಚೂರಿನ ಪ್ರದರ್ಶನಕ್ಕ ಕೊಡೋದಿತ್ರೀ. ಆಮ್ಯಾಲ ಕಾಯಂ ಗಾಜಿನ ಪೆಟ್ಟಿಗ್ಯಾಗ ಇಡ್ತಾರ. ಯಾರೂ ಮುಟ್ಟಂಗಿಲ್ಲ," ಎಂದ ಮಹಾಂತಯ್ಯ.

FIR ಆಯಿತು. 11.30ಕ್ಕೆ ಸ್ಥಳ ಪಂಚನಾಮೆ. ಹಿತ್ತಲಿನ ನಳದ ಕಟ್ಟೆಯ ಮೇಲೆ ಹಿಂಡಿ ಬಿಸಾಕಿದ ಹುಣಸೆಹಣ್ಣು, ಒಣಗಿದ ವಿಭೂತಿಯ ಗಸಿ.

"ಇಲ್ಲಿ ತೊಳದವ್ರು ಯಾರು?"

"ನಮ್ಮ ಹಮಾಲ ಆದೆಪ್ಪ. ನಿನ್ನಿ ಆನಿ, ಹುಲಿ ತೊಳಿ ಅಂದಿದ್ದೆ. ನಂದಿ ಮುಟ್ಟಬ್ಯಾಡ ಅಂದಿದ್ದೆ. ಅದಕ್ಕ ನಮ್ಮ ಮುತ್ತಜ್ಜನ ಕಾಲದಿಂದ ವಿಭೂತಿ ಹಚ್ಚೀವಿ."

"ಇವತ್ತು ಬಂದಾನ?"

"ಇಲ್ರೀ. ದೇವದುರ್ಗದಾಗ ಅವನ ತಾಯಿಗೆ ಭಾಳ ಆರಾಮಿಲ್ಲ."

ಮಧ್ಯಾಹ್ನ 1.40. ಜೀಪು ದೇವದುರ್ಗದ ಓಣಿಯಲ್ಲಿ ನಿಂತಾಗ ಆದೆಪ್ಪ ಓಡಲಿಲ್ಲ. ಹೊರಸಿನ ಮೇಲೆ ಅವನ ತಾಯಿ ಅಮರಮ್ಮ ಮಲಗಿದ್ದಳು. ಎರಡೂ ಕಣ್ಣು ಹೋಗಿ ಹತ್ತು ವರ್ಷವಾಗಿತ್ತು. ಥಳಥಳಿಸುವ ಬಿಲ್ಲೆ ಅವಳ ಅಂಗೈಯಲ್ಲಿತ್ತು.

"ಯಾಕ ತಗೊಂಡಿ?" ಸುನಂದಾ ಕೇಳಿದಳು.

"ನಮ್ಮ ಹಿರೇರು ಹೇರೆತ್ತು ಹೊಡಕೊಂಡು ವ್ಯಾಪಾರಕ್ಕ ಊರೂರು ತಿರುಗತಿದ್ರಂತ್ರೀ. ಅವರ ಬಿಲ್ಲಿ ಮ್ಯಾಲ ಹೇರು ಹೊತ್ತ ಎತ್ತು ಇತ್ತು ಅಂತ ಅವ್ವ ಹೇಳ್ತಿದ್ಲು. ಹಮಾಲರ ಹಿರೇರು ವರ್ತಕರೇನು ಅಂತ ಓಣ್ಯಾಗ ಎಲ್ಲಾರೂ ನಗತಿದ್ರು. ನಾನೂ ನಕ್ಕೀನ್ರೀ." ಅವನು ತಾಯಿಯ ಅಂಗೈಯತ್ತ ನೋಡಿದ. "ನಿನ್ನಿ ಮನಸ್ಸು ತಡೀಲಾರದ ನಂದಿ ಮ್ಯಾಲಿನ ವಿಭೂತಿ ತಿಕ್ಕಿದರ ಒಳಗ ಹೇರು ಕಂಡ್ವು. ಗಾಜಿನಾಗ ಇಟ್ಟಮ್ಯಾಲ ಅವ್ವ ಹ್ಯಾಂಗ ನೋಡತಾಳ? ಆಕಿಗೆ ಕೈಬೆರಳೇ ಕಣ್ಣು."

"ಸಾವ್ಕಾರ್ರನ್ನ ಕೇಳಬೇಕಿತ್ತು."

"ನಂದಿ ಅಲ್ಲ ಅಂತ ಅವರಿಗೆ ಹ್ಯಾಂಗ ಹೇಳ್ಲಿರೀ?"

ಸುನಂದಾ ಬಾಗಿ, ಅಮರಮ್ಮನ ಬೆರಳಿನ ಪಕ್ಕ ತನ್ನ ಬೆರಳಿಟ್ಟಳು. ಎತ್ತಿನ ಬೆನ್ನ ಮೇಲೆ ಎರಡು ಮೂಟೆ, ಹಗ್ಗದ ಗಂಟು ಸಮೇತ.

ಏನಿದ್ದರೂ ಕಳುವು ಕಳುವೇ. 2.20ಕ್ಕೆ ಆದೆಪ್ಪನನ್ನು ದಸ್ತಗಿರಿ ಮಾಡಲಾಯಿತು. ಅವನು ಟವೆಲು ಹೆಗಲಿಗೆ ಹಾಕಿಕೊಂಡು ತಾನಾಗಿಯೇ ಜೀಪು ಹತ್ತಿದ.

ಕಾನ್‌ಸ್ಟೇಬಲ್ ಮೆಹಬೂಬ್ ಪಾಷಾ ಜಪ್ತಿ ಪಂಚನಾಮೆ ಬರೆಯುತ್ತ ತಡೆದ. "ಮೇಡಂ, ದೂರಿನಾಗ ನಂದಿ ಅಂತ ಅದ."

"ಕಂಡದ್ದು ಬರಿ. ಹೇರು ಹೊತ್ತ ಎತ್ತು."

ಓಣಿಯ ಇಬ್ಬರು ಪಂಚರು ಸಹಿ ಹಾಕಿದರು. ಇನ್ನು ಬಿಲ್ಲೆಯನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಬೇಕು. ಪಾಷಾ ಕೈ ಚಾಚಿದ. ಸುನಂದಾ ತಡೆದಳು.

"ಮೊದಲು ಅರಗು ಕಾಯಿಸು. ಅವಸರ ಇಲ್ಲ."

ಅರಗು ಕರಗುವವರೆಗೂ ಬಿಲ್ಲೆ ಅಮರಮ್ಮನ ಕೈಯಲ್ಲೇ ಇತ್ತು.