ಮರಳುಗಾಡಿನ ಮೂರನೇ ಹೂವು

"ಅಯ್ಯ, ಕೊಯ್ದ ಬಿಟ್ರೇನ್ರಿ ಅದನ್ನ?"

ಮೇಜಿನ ಮುಂದೆ ಕೂತಿದ್ದ ಇಂದು ತಲೆ ಎತ್ತಿದಳು. ಬಾಳಕೃಷ್ಣ! ಎರಡು ವರ್ಷದಿಂದ ಕೇಳಬೇಕೆಂದು ಹಂಬಲಿಸಿದ ದನಿ. ಅವಳ ಕೈಯಲ್ಲಿ ಬ್ಲೇಡು, ಎದುರಿಗೆ ಸೀಳಿದ ಹಳದಿ ಹೂವು.

ಅದು ೧೯೬೨. ಧಾರವಾಡದ ಕಾಲೇಜೊಂದರಲ್ಲಿ ಇಂದು ಹೂವುಗಳ ಚಿತ್ರ ಬರೆಯುತ್ತಿದ್ದಳು. ಬಂದ ಹೂವನ್ನು ಸೀಳಿ, ಒಳಗಿನದನ್ನು ನೋಡಿ ಬರೆದು, ಉಳಿದದ್ದನ್ನು ಕಾಗದದ ನಡುವೆ ಒತ್ತಿಡುವುದು ಅವಳ ಕೆಲಸ. ಬಾಳಕೃಷ್ಣ ಅಲ್ಲಿಯ ಸಂಶೋಧಕ. ರಾಜಸ್ಥಾನದ ಮರಳಿನಲ್ಲಿ ಮಳೆ ಬಿದ್ದಾಗ ಮಾತ್ರ ಅರಳುವ ಒಂದು ಸಣ್ಣ ಹೂಬಳಗದ ಬೆನ್ನು ಹತ್ತಿ ಹೋದವನು. ಬಳಗದಲ್ಲಿ ಇರುವುದೇ ಮೂರು ಪ್ರಭೇದ. ಎರಡು ಒಣಗಿ ಅಂಚೆಯಲ್ಲಿ ಬಂದಿದ್ದವು, ಊರು-ತಾರೀಖಿನ ಚೀಟಿಯೊಡನೆ. 'ನನಗಂತ ಒಂದು ಮಾತು ಬರೀಬಾರದಿತ್ತೇ...' ಎಂದು ಇಂದು ಆ ಚೀಟಿಗಳನ್ನೇ ತಿರುಗಿಸಿ ಮುರುಗಿಸಿ ನೋಡಿದ್ದಳು.

ಮೂರನೆಯದನ್ನು ಡಬ್ಬಿಯಲ್ಲಿ ನೆಟ್ಟು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಬೆಳಿಗ್ಗೆ ಅವಳು ಬರುವ ಮೊದಲೇ ಅವಳ ಮೇಜಿನ ಮೇಲಿಟ್ಟು ಹೋಗಿದ್ದ. ಬಾಯಿ ಬಿಟ್ಟು ಹೇಳಲಿಕ್ಕೆ ಏನಾಗಿತ್ತೋ ಈ ಮಹಾರಾಯನಿಗೆ!

"ಯಾವ ಊರಾಗ ಸಿಕ್ತು ಹೇಳ್ರಿ, ಚೀಟಿ ಬರೀಬೇಕು," ಎಂದಳು.

"ಚೀಟಿ ಬ್ಯಾಡ್ರಿ." ಅವನ ಮುಖ ಬಾಡಿತ್ತು. "ಜೋಧಪುರದಾಗ ಕಾಯಂ ನೌಕರಿ ಸಿಕ್ಕದ. ಹೋಗೂದೋ ಬಿಡೂದೋ ಅಂತಿದ್ದೆ. ಈಗ ತಿಳೀತು. ಸಂಜಿ ಗಾಡಿಗೆ ಹೊಂಟೇನಿ."

ಹೊರಟೇಬಿಟ್ಟ.

ಇಂದು ಬ್ಲೇಡು ಕೆಳಗಿಟ್ಟಳು. ಚೀಟಿ ಬೇಡ ಎಂದರೆ? ಊರು-ತಾರೀಖು ಇಲ್ಲದ ಹೂವನ್ನು ಕಾಲೇಜಿಗೆ ಕೊಡುವವನೇ ಅಲ್ಲ ಅವನು. 'ಹಂಗಾದ್ರ ಇದು ಕಾಲೇಜಿಗೆ ತಂದದ್ದಲ್ಲ... ನನಗ ತಂದದ್ದು!' ನನ್ನ ಕೈಯಾರೆ ಕೊಯ್ದೆನಲ್ಲ ಎಂದು ಅಳುತ್ತಲೇ ಟಾಂಗಾ ಹತ್ತಿದಳು.

ಸ್ಟೇಷನ್ನಿನಲ್ಲಿ ಸಂಜೆಯ ಗಾಡಿ ನಿಂತಿತ್ತು. ಬಾಳಕೃಷ್ಣ ಬಾಗಿಲಲ್ಲೇ ಇದ್ದ.

"ನನ್ನ ಮೇಜಿನ ಮ್ಯಾಲ ಬರೋ ಹೂವೆಲ್ಲಾ ಕೊಯ್ಯಲಿಕ್ಕೇ ಬರ್ತಾವ್ರಿ," ಎಂದಳು ಏದುಸಿರು ಬಿಡುತ್ತ. "ಮುಡೀಲಿಕ್ಕೆ ಇಲ್ಲೀತನಕಾ ಯಾರೂ ತಂದಿದ್ದಿಲ್ಲ. ನನಗ ಗೊತ್ತಾಗ್ಲಿಲ್ಲ."

"ನೀವು ಬ್ಯಾಡ ಅಂದ್ರಿ ಅಂತ ತಿಳಕೊಂಡೆ..."

"ಎರಡು ವರ್ಷ ನಿಮ್ಮ ದಾರಿ ಕಾದೇನಿ. ಬ್ಯಾಡ ಹೆಂಗ ಅಂದೇನು?"

ಗಾಡಿ ಶಿಳ್ಳೆ ಹಾಕಿತು. ಬಾಳಕೃಷ್ಣ ಟ್ರಂಕು ಎಳೆದುಕೊಂಡು ಕೆಳಗಿಳಿದ.

"ಗಾಡಿ ಹೊಂಟ್ತಲ್ರಿ!"

"ಹೋಗ್ಲಿ. ಮೊದ್ಲ ನಿಮ್ಮ ಅಪ್ಪಾರನ್ನ ಕಾಣಬೇಕು. ಏನ ಹೇಳ್ಲಿ ಅವರಿಗೆ?"

"ಇಂದು ಹೂಂ ಅಂದಾಳ ಅಂತ ಹೇಳ್ರಿ."

"ನಾ ಇನ್ನೂ ಕೇಳೇ ಇಲ್ಲಲ್ರಿ."

ಇಂದು ಕಣ್ಣೊರೆಸಿಕೊಂಡಳು. "ಹಂಗಾದ್ರ ಲಗೂ ಕೇಳ್ರಿ."